ನೀರಿನ ಟೈಮ್‌ಟೇಬಲ್ ಹಾಕುತ್ತಿದ್ದ ದೇವಸ್ಥಾನಗಳು

ಬಾಲಿಗೆ ಹೋಗಿ ಬಂದವರ ಫೋನ್ ತೆಗೆದು ನೋಡಿ, ಒಂದು ಫೋಟೋ ಇದ್ದೇ ಇರುತ್ತೆ: ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಸಿರು ಗದ್ದೆ, ಅದರ ಮುಂದೆ ಉಯ್ಯಾಲೆ. ಆ ಗದ್ದೆಗಳಿಗೆ ನೀರು ಯಾವಾಗ ಬಿಡಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ? ಪ್ರವಾಸಿಗಳಿಗೆ ಇದು ಗೊತ್ತಿಲ್ಲದಿದ್ದರೆ ನಷ್ಟವೇನಿಲ್ಲ. ಆದರೆ 1970ರ ದಶಕದಲ್ಲಿ ಇಂಡೋನೇಷ್ಯಾದ ಕೃಷಿ ಅಧಿಕಾರಿಗಳೂ ಈ ಪ್ರಶ್ನೆ ಕೇಳಿಕೊಳ್ಳಲಿಲ್ಲ.

ಬಾಲಿಯಲ್ಲಿ ಒಂದೇ ಮೂಲದಿಂದ ನೀರು ಪಡೆಯುವ ರೈತರ ಸಂಘಕ್ಕೆ ಸುಬಕ್ ಅಂತ ಹೆಸರು. 11ನೇ ಶತಮಾನದ ಶಾಸನಗಳಲ್ಲೇ ಈ ಪದದ ಹಳೆಯ ರೂಪ ಸಿಗುತ್ತೆ. ಅಲ್ಲಿನ ಹೊಳೆಗಳು ಹರಿಯೋದು ಆಳದ ಕಮರಿಗಳಲ್ಲಿ. ಹಾಗಾಗಿ ರೈತರು ಸಣ್ಣ ಒಡ್ಡು ಕಟ್ಟಿ, ಬಂಡೆಯಲ್ಲಿ ಸುರಂಗ ಕೊರೆದು ನೀರನ್ನ ಗದ್ದೆಗೆ ತಂದರು. ಪಾಲು ಹಂಚೋಕೆ ಕಾಲುವೆಗೆ ಅಡ್ಡಲಾಗಿ ಒಂದು ಮರದ ದಿಮ್ಮಿ, ಅದರಲ್ಲಿ ಕೊರೆದ ಕಚ್ಚುಗಳು. ಕಚ್ಚು ಎಷ್ಟು ಅಗಲವೋ ನಿಮ್ಮ ಪಾಲು ಅಷ್ಟು. ನಮ್ಮ ಕೆರೆ ಬಯಲಿನ ನೀರುಗಂಟಿಗೆ ಇದನ್ನ ವಿವರಿಸೋದೇ ಬೇಡ, ನೋಡಿದ ಕೂಡಲೇ ಗೊತ್ತಾಗಿಬಿಡ್ತಿತ್ತು.

ಕಷ್ಟದ ಪ್ರಶ್ನೆ ಬೇರೆ ಇದೆ. ಮೇಲಿನ ಗದ್ದೆಯವನು ಕೆಳಗಿನವನಿಗೆ ನೀರು ಯಾಕೆ ಬಿಡಬೇಕು? ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರನ್ನ ಕೇಳಿ, ಬಿಡೋದಿಲ್ಲ ಅಂತಲೇ ಹೇಳ್ತಾರೆ. ಬಾಲಿಯಲ್ಲಿ ಬಿಡ್ತಾರೆ, ಅದೂ ಬರೀ ಒಳ್ಳೆಯತನದಿಂದಲ್ಲ. ಕಾರಣ ಹುಳು. ಅಕ್ಕಪಕ್ಕದ ಗದ್ದೆಗಳೆಲ್ಲ ಒಟ್ಟಿಗೆ ನಾಟಿಯಾಗಿ, ಒಟ್ಟಿಗೆ ಕೊಯ್ಲಾಗಿ, ಒಟ್ಟಿಗೆ ಖಾಲಿ ಬಿದ್ದರೆ ಹುಳುಗಳಿಗೆ ತಿನ್ನೋಕೆ ಏನೂ ಇರಲ್ಲ, ಸಾಯ್ತವೆ. ಕೆಳಗಿನವನಿಗೆ ನೀರು ತಡವಾದರೆ ಅವನ ಪೈರೂ ತಡವಾಗುತ್ತೆ, ಹುಳು ಅಲ್ಲಿ ಬದುಕಿಕೊಂಡು ಮೇಲಿನ ಗದ್ದೆಗೆ ಬರುತ್ತೆ. ಅಂದ್ರೆ ಮೇಲಿನವನ ಕೈಲಿ ನೀರು, ಕೆಳಗಿನವನ ಕೈಲಿ ಹುಳು. ಹಾಗಂತ ಎಲ್ಲರೂ ಒಂದೇ ದಿನ ನಾಟಿ ಮಾಡೋಕೆ ಹೊರಟರೆ ನೀರು ಸಾಲಲ್ಲ. ಎಷ್ಟು ಸುಬಕ್‌ಗಳು ಒಟ್ಟಿಗೆ, ಯಾರ ನಂತರ ಯಾರು ಅನ್ನೋದು ಜಲ ದೇಗುಲಗಳ ಸಭೆಯಲ್ಲಿ ತೀರ್ಮಾನವಾಗ್ತಿತ್ತು. ಇವುಗಳಿಗೆಲ್ಲ ಮೇಲೆ, ಬಾಟೂರ್ ಸರೋವರದ ದೇವಿ ದಾನುವಿನ ಗುಡಿ.

ಆಮೇಲೆ ಹಸಿರು ಕ್ರಾಂತಿ ಬಂತು. ಬೇಗ ಬೆಳೆಯುವ ಹೊಸ ತಳಿ, ರಸಗೊಬ್ಬರ, ಸಾಲ. ದೇಗುಲದ ಸರದಿ ಬಿಡಿ, ಸಾಧ್ಯವಾದಷ್ಟು ಸಲ ನಾಟಿ ಮಾಡಿ ಅಂದರು. ಇದರಲ್ಲಿ ದುರುದ್ದೇಶವೇನೂ ಇರಲಿಲ್ಲ, ದೇಶಕ್ಕೆ ಅಕ್ಕಿ ಬೇಕಿತ್ತು. ಮೊದಮೊದಲು ಇಳುವರಿ ಚೆನ್ನಾಗಿಯೇ ಬಂತು. ಆದರೆ ಯಾವ ಗದ್ದೆಯೂ ಖಾಲಿ ಬೀಳದೆ ಹುಳಕ್ಕೆ ವರ್ಷವಿಡೀ ಊಟ ಸಿಕ್ಕಿತು. ಕಂದು ಜಿಗಿಹುಳು ಮುತ್ತಿತು. ಅದನ್ನ ತಡೆಯೋ ಐಆರ್36 ತಳಿ ತಂದರೆ ಅದಕ್ಕೆ ಟುಂಗ್ರೋ ವೈರಸ್ ಹಿಡೀತು. ಹೊಡೆದ ಕೀಟನಾಶಕಕ್ಕೆ ಹುಳುವಿನ ಜೊತೆ ಅದನ್ನ ತಿನ್ನೋ ಜೇಡವೂ ಸತ್ತಿತು. 1986ರಲ್ಲಿ ಇಂಡೋನೇಷ್ಯಾ ಸರ್ಕಾರವೇ ಭತ್ತದ ಮೇಲೆ 57 ಕೀಟನಾಶಕಗಳ ಬಳಕೆಯನ್ನ ನಿಷೇಧಿಸಬೇಕಾಯ್ತು.

ಇಷ್ಟರ ನಡುವೆ, 1979ರಲ್ಲಿ, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ನೀರಾವರಿ ಯೋಜನೆಯೂ ಶುರುವಾಗಿತ್ತು. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಹೇಳ್ತಾನೇ ಇದ್ದರು, ದೇಗುಲಗಳು ಬರೀ ಪೂಜೆಗೆ ಇರೋದಲ್ಲ ಅಂತ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಅವರು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಜೊತೆ ಸೇರಿ ಎರಡು ನದಿಗಳ 172 ಸುಬಕ್‌ಗಳ ಮಾದರಿಯನ್ನ ಕಂಪ್ಯೂಟರ್‌ನಲ್ಲಿ ಕಟ್ಟಿದರು. ಪ್ರತಿ ಸುಬಕ್ ತನ್ನ ಪಾಡಿಗೆ ತಾನು ನಾಟಿ ಮಾಡಿದರೆ ಹುಳು. ಎಲ್ಲರೂ ಒಟ್ಟಿಗೆ ಮಾಡಿದರೆ ನೀರಿಲ್ಲ. ಇಳುವರಿ ಚೆನ್ನಾಗಿ ಬಂದಿದ್ದು ದೇಗುಲಗಳ ಗುಂಪು ಹೆಚ್ಚುಕಡಿಮೆ ಹೇಗಿತ್ತೋ ಹಾಗೆ ಮಾಡಿದಾಗ. ಈ ಪದ್ಧತಿಯನ್ನ ಅರ್ಥಮಾಡಿಕೊಳ್ಳದ್ದಕ್ಕೆ ದೊಡ್ಡ ಬೆಲೆ ತೆರಬೇಕಾಯ್ತು ಅಂತ ಬ್ಯಾಂಕಿನ ಮೌಲ್ಯಮಾಪನ ವರದಿಯೇ 1988ರಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಬಹಳಷ್ಟು ರೈತರು ಯಾರನ್ನೂ ಕೇಳದೆ ಹಳೇ ಸರದಿಗೆ ಮರಳಿದ್ದರು.

2012ರಲ್ಲಿ ಯುನೆಸ್ಕೋ ಸುಬಕ್ ಪ್ರದೇಶಗಳನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗಿನ ತೊಂದರೆ ಹುಳದ್ದಲ್ಲ, ವಿಲ್ಲಾಗಳದ್ದು. ಗದ್ದೆ ಸಾಲಿನ ಮಧ್ಯೆ ಒಂದು ತುಂಡು ಮಾರಾಟವಾಗಿ ಅಲ್ಲಿ ಈಜುಕೊಳ ಎದ್ದರೆ, ಅದರ ಮಾಲೀಕ ಸುಬಕ್ ಸಭೆಗೆ ಬರೋದಿಲ್ಲ. ಕಾಲುವೆ ಮಾತ್ರ ಅವನ ಕಾಂಪೌಂಡ್ ದಾಟಿಯೇ ಕೆಳಗಿನ ಗದ್ದೆಗೆ ಹೋಗಬೇಕು.