ಸೀಮೆಸುಣ್ಣದಲ್ಲಿ ಬರೆದ ಊಟ

ಧರ್ಮಸ್ಥಳದಿಂದ ಪೆರಿಯಶಾಂತಿಗೆ ಹೋಗುವ ದಾರಿಯಲ್ಲಿ ಕೊಕ್ಕಡ ಸಿಗುತ್ತದೆ. ವೈದ್ಯನಾಥೇಶ್ವರನ ದೇವಸ್ಥಾನದ ಊರು. ಮೂರು ಕಿಲೋಮೀಟರ್ ಆಚೆಗೆ ಗುಡಿ ಗೋಪುರಗಳಿಲ್ಲದೆ ಬಯಲಲ್ಲೇ ಕುಳಿತ ಸೌತಡ್ಕದ ಗಣಪತಿ. ಸುತ್ತ ಅಡಿಕೆ, ರಬ್ಬರು, ಗೇರು. ಇಂಥ ದಾರಿಯೂರುಗಳ ಸಣ್ಣ ಹೋಟೆಲುಗಳಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ಒಂದು ಕರಿಹಲಗೆ ತೂಗುಹಾಕಿರುತ್ತಾರೆ. ಬೆಳಗ್ಗೆ ಅದರ ಮೇಲೆ ಬನ್ಸ್, ನೀರುದೋಸೆ, ಸಜ್ಜಿಗೆ-ಬಜಿಲ್. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಊಟ, ಸಂಜೆಗೆ ಗೋಳಿಬಜೆ. ಮುಗಿದ ತಿಂಡಿಯ ಹೆಸರನ್ನು ಒದ್ದೆ ಬಟ್ಟೆಯಲ್ಲಿ ಒರಸಿಬಿಡುತ್ತಾರೆ. ಆಟಿ ತಿಂಗಳು ಬಂತೆಂದರೆ ಅದೇ ಹಲಗೆಯಲ್ಲಿ ಪತ್ರೊಡೆ ಕಾಣಿಸಿಕೊಳ್ಳುತ್ತದೆ. ಮಳೆ ಹಿಂದೆ ಸರಿದಂತೆ ಅದೂ ಸರಿಯುತ್ತದೆ.

ಜಗತ್ತಿನ ದೊಡ್ಡ ನಗರಗಳಲ್ಲಿ ಈಗ ಇನ್ನೊಂದು ಬಗೆಯ ಹಲಗೆಗೆ ಬೇಡಿಕೆ ಬಂದಿದೆ. ಹತ್ತಿಪ್ಪತ್ತು ಕುರ್ಚಿಗಳ ಪುಟ್ಟ ಊಟದ ಮನೆ, ಕೊರಿಯದ ಕಿಮ್ಚಿಯನ್ನೂ ಜಪಾನಿನ ಮಿಸೊವನ್ನೂ ಒಂದೇ ತಟ್ಟೆಗೆ ತರುವ ಅಡುಗೆಯವರು, ಆಯಾ ವಾರ ಸಿಕ್ಕ ತರಕಾರಿ ಮೀನಿಗೆ ತಕ್ಕಂತೆ ಬದಲಾಗುವ ತಿನಿಸಿನ ಪಟ್ಟಿ. ಅಲ್ಲಿಗೆ ಹೋಗಿಬಂದವರು ಎರಡು ಸಂಗತಿಗಳನ್ನು ಹೊಗಳುತ್ತಾರೆ: ಪಟ್ಟಿ ಬದಲಾಗುವುದು, ಅಡುಗೆಗಳು ಬೆರೆಯುವುದು. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಜನಕ್ಕೆ ಈ ಎರಡೂ ಹೊಸತಲ್ಲ. ಇವೆರಡನ್ನೂ ಹೊಟ್ಟೆಪಾಡಿಗಾಗಿ ಕಲಿತು, ಊರು ಬಿಟ್ಟು, ದೂರದ ಪಟ್ಟಣಗಳಲ್ಲಿ ದೊಡ್ಡ ಉದ್ಯಮವಾಗಿ ಕಟ್ಟಿದವರು ಈ ನೆಲದವರು.

ಬದಲಾಗುವ ಪಟ್ಟಿಯನ್ನು ಮೊದಲು ಬರೆದದ್ದು ಮಳೆ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತುಳುನಾಡಿಗೆ ಹಸಿವಿನ ತಿಂಗಳಾಗಿತ್ತು. ಹಳೆಯ ಭತ್ತ ಮುಗಿಯುತ್ತ ಬಂದಿರುತ್ತದೆ, ಹೊಸ ಪೈರು ಇನ್ನೂ ಗದ್ದೆಯಲ್ಲಿದೆ, ಹೊಳೆ ತುಂಬಿ ಪೇಟೆಯ ದಾರಿ ಕಡಿದಿದೆ. ಆಗ ಮನೆಯ ಸುತ್ತಲಿನ ಗುಡ್ಡವೇ ಅಂಗಡಿ. ಕೆಸುವಿನೆಲೆಗೆ ಅಕ್ಕಿಹಿಟ್ಟು ಮಸಾಲೆ ಬಳಿದು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ಪತ್ರೊಡೆ. ತಜಂಕಿನ ಸೊಪ್ಪು, ಬೇಸಗೆಯಲ್ಲೇ ಒಣಗಿಸಿಟ್ಟ ಹಲಸಿನ ಬೀಜ, ಭರಣಿಯಲ್ಲಿ ಉಪ್ಪು ಹಾಕಿಟ್ಟ ಹಲಸಿನ ತೊಳೆ, ಅಂದರೆ ಉಪ್ಪಡ್ ಪಚ್ಚಿಲ್. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಪಾಲೆಮರದ ತೊಗಟೆಯನ್ನು ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ಕುಡಿಯುತ್ತಾರೆ. ಆ ಕಹಿಯ ಉಷ್ಣ ತಣಿಸಲು ಹಿಂದೆಯೇ ಮೆಂತೆಗಂಜಿ.

ಕಣಿಲೆಯ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬಿದಿರ ಹಿಂಡಿಲಿನಲ್ಲಿ ಮಳೆಗೆ ಮೊಳೆತ ಎಳೆ ಕಣಿಲೆ ಹಸಿಯಾಗಿ ತಿನ್ನುವಂಥದ್ದಲ್ಲ. ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ. ತುಳುನಾಡಿನ ಅಜ್ಜಿಯರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಮದ್ದು ಗೊತ್ತಿತ್ತು. ಸಿಪ್ಪೆ ಸುಲಿದು, ಸಣ್ಣಗೆ ಕೊಚ್ಚಿ, ನೀರಲ್ಲಿ ಮುಳುಗಿಸಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ಇಡುತ್ತಾರೆ. ಆಮೇಲೆ ಹೆಸರುಕಾಳಿನ ಜೊತೆ ಗಸಿ. ಜಪಾನಿನಲ್ಲಿ ವಸಂತದ ಬಿದಿರುಮೊಳಕೆಗೆ ಇದೇ ಗೌರವ. ಅಲ್ಲಿ ಅದನ್ನು ಅಕ್ಕಿಯ ತೌಡು ಹಾಕಿದ ನೀರಲ್ಲಿ ಕುದಿಸಿ ಕಹಿ ತೆಗೆಯುತ್ತಾರೆ. ಕೊರಿಯದಲ್ಲಿ ಚಳಿಗಾಲ ಕಾಲಿಡುವ ಮೊದಲು ನೆರೆಹೊರೆಯ ಹೆಂಗಸರೆಲ್ಲ ಕೂಡಿ ತಿಂಗಳುಗಟ್ಟಲೆ ಸಾಲುವಷ್ಟು ಕಿಮ್ಚಿ ಹಾಕುತ್ತಾರೆ. ಆ ಕೂಡುಗೆಲಸಕ್ಕೆ ಕಿಮ್‌ಜಾಂಗ್ ಎಂದು ಹೆಸರು. 2013ರ ಡಿಸೆಂಬರ್‌ನಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಕಿಮ್‌ಜಾಂಗನ್ನೂ ಜಪಾನಿನ ಸಾಂಪ್ರದಾಯಿಕ ಊಟವಾದ ವಾಶೊಕುವನ್ನೂ ಒಟ್ಟಿಗೇ ಸೇರಿಸಿಕೊಂಡಿತು. ಬೇಸಗೆಯಲ್ಲಿ ಮಾವಿನ ಮಿಡಿ ಆಯ್ದು ಉಪ್ಪು ಹಾಕಿ ಭರಣಿಯ ಬಾಯಿ ಕಟ್ಟುವ ಮನೆಯವರಿಗೆ ಆ ಗೌರವದ ಅರ್ಥ ವಿವರಿಸಬೇಕಾಗಿಲ್ಲ.

ಎರಡನೆಯ ಪಟ್ಟಿಯನ್ನು ಬರೆದದ್ದು ಮಠ. ಮಾಧ್ವ ಸಂಪ್ರದಾಯದ ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದು ವ್ರತ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದು ದ್ವಿದಳ ವ್ರತ, ಬೇಳೆಕಾಳುಗಳಿಲ್ಲ. ತರಕಾರಿ ಕೂಡದೆಂದ ತಿಂಗಳಲ್ಲೂ ನೂರಾರು ಎಲೆಗಳಿಗೆ ಬಡಿಸಲೇಬೇಕು. ಹೆಸರುಬೇಳೆ, ಉದ್ದು, ಕಾಳುಮೆಣಸು, ಜೀರಿಗೆ, ಮಾವು ಇಷ್ಟರಲ್ಲೇ ಸಾರು, ಗೊಜ್ಜು, ತಂಬುಳಿ ಎಲ್ಲ ಹುಟ್ಟಬೇಕು. ಉಡುಪಿಯ ಅಷ್ಟಮಠಗಳ ಪಾಕಶಾಲೆಗಳಲ್ಲಿ ಪಳಗಿದ ಅಡುಗೆಯವರಿಗೆ ಇದಕ್ಕಿಂತ ಕಠಿಣವಾದ ಶಾಲೆ ಬೇರೆ ಬೇಕಿರಲಿಲ್ಲ. ಕೈಗೆ ಸಿಗದ್ದಕ್ಕೆ ಮರುಗದೆ ಸಿಕ್ಕಿದ್ದರಲ್ಲಿ ರುಚಿ ಎಬ್ಬಿಸುವ ಈ ಅಭ್ಯಾಸವೇ ಮುಂದೆ ಉಡುಪಿ ಹೋಟೆಲಿನ ಬಂಡವಾಳವಾಯಿತು. ಹಣದ ಬಂಡವಾಳ ಅವರಲ್ಲಿ ಹೆಚ್ಚಿನವರ ಬಳಿ ಇರಲೂ ಇಲ್ಲ.

ಮೂಡುಬಿದಿರೆಗೆ ಹತ್ತಿರದ ಕಡಂದಲೆಯಲ್ಲಿ 1898ರಲ್ಲಿ ಹುಟ್ಟಿದ ಕೃಷ್ಣರಾಯರ ಬದುಕು ಇದಕ್ಕೆ ಸಾಕ್ಷಿ. ಬಡತನದಲ್ಲಿ ಬೆಳೆದ ಹುಡುಗ ಮಠದ ಅಡುಗೆಮನೆಯಲ್ಲಿ ಕೆಲಸ ಕಲಿತು ಮದರಾಸಿಗೆ ಹೋದರು. ಅಲ್ಲಿ ಬೇರೆಯವರ ಹೋಟೆಲಿನಲ್ಲಿ ದುಡಿದು, ಕಡೆಗೆ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸವನ್ನು ನಡೆಸಿದರು. 1938ರಲ್ಲಿ ರಾಯಪೇಟೆಯಲ್ಲಿದ್ದ ರಾಮನಾಡಿನ ರಾಜರ ಬಂಗಲೆಯನ್ನು ಗೇಣಿಗೆ ಹಿಡಿದು ವಸತಿಯೂ ಇರುವ ಹೋಟೆಲು ತೆರೆದರು. ಬಂಗಲೆಯ ಹೆಸರು ವುಡ್‌ಲ್ಯಾಂಡ್ಸ್. ಇಂಗ್ಲಿಷರ ನಾಲಗೆಯ ಆ ಹೆಸರು ಇಡ್ಲಿ, ಸಾಂಬಾರಿನ ಗುರುತಾದದ್ದು ಹೀಗೆ. 1962ರಲ್ಲಿ ಕೆಥೀಡ್ರಲ್ ರಸ್ತೆಯ ಮರಗಳಡಿ ಅವರು ತೆರೆದ ಡ್ರೈವ್-ಇನ್ ವುಡ್‌ಲ್ಯಾಂಡ್ಸ್‌ನಲ್ಲಿ ಜನ ಕಾರಿನಲ್ಲೇ ಕೂತು ದೋಸೆ ತಿಂದರು. ಅಮೆರಿಕದ ಪದ್ಧತಿ, ಕಡಂದಲೆಯ ಅಡುಗೆ, ತಮಿಳು ಪಟ್ಟಣ. ಬೆರಕೆಯೆಂಬ ಮಾತನ್ನು ಯಾರೂ ಅದಕ್ಕೆ ಅಂಟಿಸಲಿಲ್ಲ. 2008ರಲ್ಲಿ ಅದು ಮುಚ್ಚಿದಾಗ ಒಂದಿಡೀ ತಲೆಮಾರು ಕಣ್ಣೀರಿಟ್ಟಿತು.

ಕೋಟದ ಕಡೆಯ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರದು ಬೆಂಗಳೂರಿನ ಕತೆ. 1924ರಲ್ಲಿ ಅಣ್ಣತಮ್ಮಂದಿರು ಕೂಡಿ ಶುರುಮಾಡಿದ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲೇ ಇಡ್ಲಿ ಮಾಡಿ ನೋಡಿದ್ದರಿಂದ ರವೆ ಇಡ್ಲಿ ಹುಟ್ಟಿತೆಂದು ಆ ಮನೆತನದವರು ಹೇಳುತ್ತಾರೆ. ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ಕಂಡು ಬಂದು ತಮ್ಮ ಅಡುಗೆಮನೆಯನ್ನು ತಿದ್ದಿದರು. ಮುಂಬಯಿಯ ಮಾಟುಂಗದಲ್ಲಿ ಅದೇ ಯುದ್ಧದ ನಡುವೆ, 1942ರಲ್ಲಿ, ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗುಮಾಸ್ತರಿಗೆ ಅಲ್ಲಿ ಬಾಳೆಎಲೆಯ ಊಟ. ದಿನವೂ ಅಲ್ಲೇ ಉಣ್ಣುವವನಿಗೆ ನಿನ್ನೆಯ ಪಲ್ಯವನ್ನೇ ಇಂದೂ ಬಡಿಸಿದರೆ ನಾಳೆ ಅವನು ಬರುವುದಿಲ್ಲ. ಹಲಗೆಯ ಮೇಲಿನ ಪಲ್ಯ ದಿನದಿನ ಬದಲಾಗುವುದಕ್ಕೆ ಮಾರುಕಟ್ಟೆಯ ದರ ಒಂದು ಕಾರಣ, ಈ ಮನೆತಪ್ಪಿದ ಜನರ ಮೇಲಿನ ಕಳಕಳಿ ಇನ್ನೊಂದು.

ಕೊರಿಯ ಜಪಾನುಗಳ ಅಡುಗೆ ಬೆರೆತದ್ದೂ ಇಂಥ ಮನೆತಪ್ಪಿದವರಿಂದಲೇ, ಆದರೆ ಅದರ ಹಿಂದಿನ ನೋವು ಬಹಳ ದೊಡ್ಡದು. 1910ರಿಂದ 1945ರವರೆಗೆ ಕೊರಿಯ ಜಪಾನಿನ ಆಳ್ವಿಕೆಯಲ್ಲಿತ್ತು. ಯುದ್ಧ ಮುಗಿದಾಗ ಜಪಾನಿನಲ್ಲಿ ಸುಮಾರು 20 ಲಕ್ಷ ಕೊರಿಯನ್ನರಿದ್ದರು. ಹೆಚ್ಚಿನವರು ಮರಳಿದರು, ಸುಮಾರು 6 ಲಕ್ಷ ಜನ ಉಳಿದರು. ಬೇರೆ ಕೆಲಸಗಳ ಬಾಗಿಲು ಮುಚ್ಚಿದ್ದರಿಂದ ಅವರಲ್ಲಿ ಎಷ್ಟೋ ಮಂದಿ ಒಲೆ ಹಚ್ಚಿದರು. ಜಪಾನೀಯರು ಬೇಡವೆಂದು ಬಿಡುತ್ತಿದ್ದ ಪ್ರಾಣಿಗಳ ಒಳಭಾಗಗಳನ್ನು ಮಸಾಲೆಯಲ್ಲಿ ನೆನೆಸಿ ಕೆಂಡದ ಮೇಲೆ ಸುಟ್ಟು ಮಾರಿದರು. ಒಸಾಕದ ತ್ಸುರುಹಾಶಿಯ ಬೀದಿಗಳಲ್ಲಿ ಬೆಳೆದ ಆ ಅಡುಗೆ ಇವತ್ತು ಯಾಕಿನಿಕು ಎಂಬ ಹೆಸರಲ್ಲಿ ಇಡೀ ಜಪಾನಿಗೆ ಪ್ರಿಯ. ಕೊರಿಯದ ಹಾಂಹುಂಗಿನಿಂದ ಬಂದ ಯಾಂಗ್ ಯೊಂಗ್-ಚೊಲ್ 1954ರಲ್ಲಿ ಉತ್ತರ ಜಪಾನಿನ ಮೊರಿಯೊಕದಲ್ಲಿ ತನ್ನೂರಿನ ತಣ್ಣನೆಯ ಶಾವಿಗೆ ಮಾಡಿ ಬಡಿಸಿದ. ಈಗ ಅದು ಮೊರಿಯೊಕ ರೇಮೆನ್, ಆ ಊರಿನ ಹೆಮ್ಮೆಯ ತಿನಿಸು.

ದಾರಿ ಒಂದೇ ದಿಕ್ಕಿನದಾಗಿರಲಿಲ್ಲ. ಕವಾಹಾರಾ ತೋಷಿಯೊ ಎಂಬ ಜಪಾನೀಯ ಹುಟ್ಟಿದ್ದು ಕೊರಿಯದ ಬೂಸಾನಿನಲ್ಲಿ. ಯುದ್ಧಾನಂತರ ಫುಕುಒಕದಲ್ಲಿ ಅಂಗಡಿ ಹಾಕಿದವನಿಗೆ ಬಾಲ್ಯದಲ್ಲಿ ತಿಂದ ಖಾರದ ಮೀನುಮೊಟ್ಟೆಯ ರುಚಿ ಮರೆಯಲಿಲ್ಲ. 1949ರ ಜನವರಿಯಲ್ಲಿ ಅವನು ಅದನ್ನು ಮಾಡಿ ಮಾರಲು ತೊಡಗಿದ. ಜಪಾನೀಯರ ನಾಲಗೆಗೆ ಒಗ್ಗುವವರೆಗೆ ಹದ ತಿದ್ದುತ್ತಲೇ ಹೋದ. ಮೆಂತೈಕೊ ಎಂದು ಪ್ರಸಿದ್ಧವಾದ ಆ ತಿನಿಸು ಕೊರಿಯದ್ದೇ, ಜಪಾನಿನದೇ ಎಂದು ಕೇಳಿದರೆ, ಅದು ಬೂಸಾನಿನಲ್ಲಿ ಹುಟ್ಟಿ ಫುಕುಒಕದಲ್ಲಿ ನೆಲೆಸಿದ ಒಬ್ಬ ಮನುಷ್ಯನ ನೆನಪಿನದು ಎನ್ನುವುದು ಹೆಚ್ಚು ಸರಿ.

ಒಂದು ಪುಟ್ಟ ಪದ ನಮ್ಮ ಕರಾವಳಿಯ ಕಡಲನ್ನೂ ಜಪಾನು ಕೊರಿಯಗಳ ಕಡಲನ್ನೂ ಒಂದಕ್ಕೊಂದು ಕಟ್ಟುತ್ತದೆ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು, 1543ರಲ್ಲಿ ಜಪಾನಿನ ದಡ ಮುಟ್ಟಿದರು. ರೊಟ್ಟಿಗೆ ಅವರು ಬಳಸುತ್ತಿದ್ದ ಮಾತು ಕೊಂಕಣಿಯಲ್ಲಿ ಪಾವ್ ಆಯಿತು, ಜಪಾನಿನಲ್ಲಿ ಪಾನ್, ಅಲ್ಲಿಂದ ದಾಟಿ ಕೊರಿಯದಲ್ಲಿ ಪಾಂಗ್. ಆ ಪಾವನ್ನೇ ಮುಂಬಯಿಯ ಉಡುಪಿ ಹೋಟೆಲುಗಳು ಭಾಜಿಯ ಜೊತೆ ಬಡಿಸಿದವು.

ಮುಂಬಯಿಗೆ ಹೋದ ತುಳುವರ ಸಾಲು 1974ರ ನಂತರ ಇನ್ನೂ ಉದ್ದವಾಯಿತು. ಆ ವರ್ಷದ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿತು, ಅದು ನ್ಯಾಯವೇ. ಆದರೆ ಗೇಣಿಯನ್ನೇ ನಂಬಿದ್ದ ಮನೆಗಳ ಹುಡುಗರು ಬಸ್ಸು ಹತ್ತಿದರು. ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕೆಲವರು ಗಲ್ಲಾದವರೆಗೆ ಏರಿದರು. ಅದೇ ಹೊತ್ತಿನಲ್ಲಿ, 1975ರಲ್ಲಿ, ಕಲ್ಕತ್ತೆಯ ಚೀನೀ ಮನೆತನದ ನೆಲ್ಸನ್ ವಾಂಗ್ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸನ್ನು ಬಾಡಿಸಿ, ಗರಂಮಸಾಲೆಯ ಬದಲು ಸೋಯಾ ಸಾಸ್ ಹುಯ್ದು ಕೋಳಿಯನ್ನು ಬೇಯಿಸಿ ಮಂಚೂರಿಯನ್ ಎಂದು ಕರೆದರು. ಮಂಚೂರಿಯಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಕೋಳಿ ತಿನ್ನದವರಿಗಾಗಿ ಕೋಳಿಯ ಜಾಗಕ್ಕೆ ಹೂಕೋಸು ಬಂತು. ಉಡುಪಿ ಹೋಟೆಲುಗಳ ಒಂದು ಮೂಲೆಯಲ್ಲಿ ಚೈನೀಸ್ ಬಾಣಲೆ ಕೂತಿತು, ದೋಸೆಯ ಒಳಗೆ ಶೆಜ್ವಾನ್ ಚಟ್ನಿ ಸೇರಿತು.

ಹಾಗೆ ಹೊರಟ ತಿನಿಸು ರಜೆಗೆಂದು ಊರಿಗೆ ಬಂದ ಅಡುಗೆಯವರ ಕೈಯಲ್ಲಿ ಘಟ್ಟದ ಬುಡಕ್ಕೂ ತಲುಪಿತು. ಇಂದು ದಕ್ಷಿಣ ಕನ್ನಡದ ಯಾವ ಜಾತ್ರೆಗೆ ಹೋದರೂ ಚರುಮುರಿಯ ಗಾಡಿಯ ಪಕ್ಕದಲ್ಲಿ ಗೋಬಿ ಮಂಚೂರಿಯ ಗಾಡಿ ಇರುತ್ತದೆ. ಧನು ಸಂಕ್ರಮಣದ ಹೊತ್ತಿಗೆ ಕೊಕ್ಕಡದಲ್ಲಿ ಕೋರಿ ಜಾತ್ರೆ ನಡೆಯುತ್ತದೆ. ವೈದ್ಯನಾಥೇಶ್ವರನಿಗೆ ಹರಕೆ ಹೊತ್ತವರು, ಸೌತಡ್ಕದಲ್ಲಿ ಅವಲಕ್ಕಿ ಪಂಚಕಜ್ಜಾಯದ ಸೇವೆ ಮಾಡಿಸಿ ಬಂದವರು, ಮಕ್ಕಳ ಕೈ ಹಿಡಿದು ಆ ಬಾಣಲೆಯ ಸದ್ದಿಗೆ ನಿಲ್ಲುತ್ತಾರೆ. ಪೂರ್ವ ಏಷ್ಯದ ಹೆಸರು, ಕಲ್ಕತ್ತೆಯ ಕೈ, ಮುಂಬಯಿಯ ಬಾಣಲೆ, ತುಳುವರ ಗಾಡಿ. ಸಿಯೋಲಿನಲ್ಲಿ, ತೋಕಿಯೋದಲ್ಲಿ ಬೆರಕೆಯ ಅಡುಗೆ ಎಂದು ಹೆಸರಿಟ್ಟು ಬಡಿಸುವುದಕ್ಕಿಂತ ಇದು ಯಾವ ಬಗೆಯಲ್ಲೂ ಕಡಿಮೆಯದಲ್ಲ. ಗೋಬಿಗೆ ಹಾಕುತ್ತಿದ್ದ ಕಡುಕೆಂಪು ಕೃತಕ ಬಣ್ಣವನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ತಿನ್ನುವವರು ಹೆಚ್ಚಾಗಿ ಮಕ್ಕಳಾಗಿರುವಾಗ ಅದು ಬರಬೇಕಾದ ಆಜ್ಞೆಯೇ ಆಗಿತ್ತು.

ಚಿಂತೆಯಿರುವುದು ಕರಿಹಲಗೆಯ ಬಗ್ಗೆ. ಪ್ಲಾಸ್ಟಿಕ್ ಹೊದಿಸಿದ ಅಚ್ಚಿನ ಪಟ್ಟಿ ವರ್ಷವಿಡೀ ಒಂದೇ ಆಗಿರುತ್ತದೆ. ಅದರಲ್ಲಿ ಆಟಿಗೂ ಸುಗ್ಗಿಗೂ ವ್ಯತ್ಯಾಸವಿಲ್ಲ. ಗೋಬಿ ಬಂದದ್ದರಿಂದ ಪತ್ರೊಡೆ ಹೋಗಬೇಕಾಗಿಲ್ಲ, ಎರಡಕ್ಕೂ ಹಲಗೆಯಲ್ಲಿ ಜಾಗವಿದೆ. ಆದರೆ ಪತ್ರೊಡೆಗೆ ಬೆಳಗಿನ ಜಾವ ತೋಟದ ಬದಿಯಲ್ಲಿ ಕೆಸುವಿನೆಲೆ ಕೊಯ್ಯುವವರು ಬೇಕು, ನಾರು ತೆಗೆದು ಹಿಟ್ಟು ಬಳಿದು ಸುತ್ತುವ ಕೈ ಬೇಕು, ಕಣಿಲೆಗೆ ಮೂರು ದಿನ ನೀರು ಬದಲಿಸುವ ತಾಳ್ಮೆ ಬೇಕು. ಮಂಗಳೂರು, ಪುತ್ತೂರು, ಬೆಳ್ತಂಗಡಿಗಳಲ್ಲಿ ಸಂಘಸಂಸ್ಥೆಗಳು ನಡೆಸುವ ‘ಆಟಿಡೊಂಜಿ ದಿನ’ದ ಊಟಗಳಲ್ಲಿ ಈ ತಿನಿಸುಗಳೆಲ್ಲ ಒಟ್ಟಿಗೆ ಎಲೆಯ ಮೇಲೆ ಬರುತ್ತವೆ, ಜನ ಸಾಲುಗಟ್ಟಿ ಬರುತ್ತಾರೆ. ಆ ಒಂದು ದಿನ ಕಳೆದ ಮೇಲೂ ಆಟಿಯಲ್ಲಿ ಇನ್ನೂ ಮೂವತ್ತು ದಿನಗಳಿರುತ್ತವೆ. ಆ ದಿನಗಳಲ್ಲಿ ಪತ್ರೊಡೆ ಇದೆಯೋ ಇಲ್ಲವೋ ಎಂದು ತಿಳಿಯಲು ಜನ ಈಗಲೂ ಗಲ್ಲಾಪೆಟ್ಟಿಗೆಯ ಪಕ್ಕದ ಹಲಗೆಯನ್ನೇ ನೋಡುತ್ತಾರೆ.