ರಾಜನ ವಿಷಾದವೂ ಗಾಯಕನ ಕಂಠವೂ

ಸಂಗೀತದಿಂದ ರೋಗ ವಾಸಿಯಾಗುವುದೇ? ಸಂಜೆಯ ಹೊತ್ತು ರೇಡಿಯೋದ ಮುಂದೆ ಕುಳಿತು ದಿನದ ದಣಿವನ್ನು ಒಂದು ಆಲಾಪನೆಯಲ್ಲಿ ಮರೆಯುವ ನೀವು ಈ ಪ್ರಶ್ನೆಯನ್ನು ಎಂದಾದರೂ ಕೇಳಿಕೊಂಡಿರಬಹುದು. ಇಂಥ ರೋಗಕ್ಕೆ ಇಂಥ ರಾಗವೆಂದು ಪಟ್ಟಿ ಹಾಕಿಕೊಡುವವರು ಉಂಟು. ಅದೆಲ್ಲ ಬರಿಯ ಭ್ರಮೆಯೆಂದು ತಳ್ಳಿಹಾಕುವವರೂ ಉಂಟು. ಇವೆರಡು ಪಕ್ಷಗಳ ನಡುವೆ ನಿಂತು ಸಾಕ್ಷ್ಯ ನುಡಿಯಬಲ್ಲ ಪ್ರಸಂಗವೊಂದು ಹದಿನೆಂಟನೆಯ ಶತಮಾನದ ಸ್ಪೇನ್ ದೇಶದ ಚರಿತ್ರೆಯಲ್ಲಿದೆ. ಅದನ್ನು ನಿಮ್ಮ ಮುಂದಿಡುತ್ತೇನೆ.

ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಮೊಮ್ಮಗನಾದ ಐದನೆಯ ಫಿಲಿಪನು 1700ರಲ್ಲಿ ಸ್ಪೇನಿನ ಸಿಂಹಾಸನವನ್ನೇರಿದನು. ಸಿರಿಗೆ ಕೊರತೆಯಿಲ್ಲ, ಸೇವಕರಿಗೆ ಲೆಕ್ಕವಿಲ್ಲ. ಆದರೂ ವಯಸ್ಸು ಏರಿದಂತೆ ಆತನ ಮನಸ್ಸಿಗೆ ಗಾಢವಾದ ವಿಷಾದರೋಗ ಕವಿಯಿತು. ಹಗಲೆಲ್ಲ ಹಾಸಿಗೆ, ಇರುಳೆಲ್ಲ ಎಚ್ಚರ. ಕ್ಷೌರ ಬೇಡ, ಉಟ್ಟ ಬಟ್ಟೆ ಬದಲಿಸುವುದು ಬೇಡ, ಮಂತ್ರಾಲೋಚನೆಯ ಸಭೆಯಂತೂ ಬೇಡವೇ ಬೇಡ. ಒಬ್ಬ ಮನುಷ್ಯ ಮಂಕಾದರೆ ಒಂದು ಮನೆಗೆ ಕತ್ತಲೆ. ಅರಸನೇ ಮಂಕಾದರೆ ನಾಡಿಗೇ ಕತ್ತಲೆ. ಆತನ ರಾಣಿ ಎಲಿಜಬೆತ್ ಫಾರ್ನೇಸೆ ಇಟಲಿಯಿಂದ ಬಂದವಳು, ದಿಟ್ಟೆ. ಇಟಲಿಯ ಗಾಯಕನೊಬ್ಬನನ್ನು ಕರೆಸುವ ಯೋಚನೆ ಆಕೆಗೆ ಹೊಳೆಯಿತು.

ಆ ಗಾಯಕನೇ ಫಾರಿನೆಲ್ಲಿ. ನಿಜನಾಮ ಕಾರ್ಲೋ ಬ್ರೋಸ್ಕಿ, ಹುಟ್ಟಿದ್ದು 1705ರಲ್ಲಿ. ಎಳೆಯ ದನಿ ಒಡೆಯದೆ ಉಳಿಯಲೆಂದು ಬಾಲಕರನ್ನು ಅಂಗಚ್ಛೇದಕ್ಕೆ ಗುರಿಮಾಡುತ್ತಿದ್ದ ಅಂದಿನ ಕ್ರೂರ ಪದ್ಧತಿಗೆ ಆತನೂ ಬಲಿಯಾಗಿದ್ದನು. ಪರರ ನೋವನ್ನು ತಣಿಸಲು ಬಂದವನು ತಾನೇ ನೊಂದವನು ಎಂಬುದನ್ನು ನಾವು ಮರೆಯಬಾರದು. 1734ರಿಂದ 1737ರವರೆಗೆ ಲಂಡನ್ ನಗರವನ್ನು ತನ್ನ ಕಂಠದಿಂದ ಗೆದ್ದ ಈತ 1737ರ ಆಗಸ್ಟಿನಲ್ಲಿ ಸ್ಪೇನಿಗೆ ಬಂದನು.

ಮುಂದಿನ ಕಥೆಯನ್ನು ಇಂಗ್ಲಿಷ್ ಸಂಗೀತ ಚರಿತ್ರಕಾರ ಚಾರ್ಲ್ಸ್ ಬರ್ನಿ ಬರೆದಿಟ್ಟಿದ್ದಾನೆ. ರಾಣಿಯು ಅರಸನ ಕೋಣೆಯ ಪಕ್ಕದಲ್ಲಿಯೇ ಕಛೇರಿಯನ್ನು ಏರ್ಪಡಿಸಿದಳು. ಹಾಡು ಕಿವಿಗೆ ಬಿದ್ದೊಡನೆ ಅರಸ ಬೆರಗಾದನು, ಬಳಿಕ ಕರಗಿದನು. ಎರಡನೆಯ ಹಾಡು ಮುಗಿಯುತ್ತಲೇ ಗಾಯಕನನ್ನು ಒಳಗೆ ಕರೆಸಿ, ಏನು ಬೇಕಾದರೂ ಕೇಳೆಂದನು. ಗಾಯಕ ಹೊನ್ನು ಕೇಳಲಿಲ್ಲ. ಪ್ರಭುಗಳು ಕ್ಷೌರ ಮಾಡಿಸಿಕೊಂಡು, ಬಟ್ಟೆ ಧರಿಸಿ, ಸಭೆಗೆ ದಯಮಾಡಿಸಬೇಕು ಎಂದಷ್ಟೇ ಬೇಡಿದನು. ಹೀಗೆ ಕೇಳಬೇಕೆಂದು ಆತನಿಗೆ ಮೊದಲೇ ಹೇಳಿಕೊಟ್ಟಿದ್ದರಂತೆ!

ಅಂದಿನಿಂದ ಸುಮಾರು ಒಂಬತ್ತು ವರ್ಷ, 1746ರಲ್ಲಿ ಅರಸ ತೀರಿಕೊಳ್ಳುವವರೆಗೆ, ಆತನ ಮುಂದೆ ಇರುಳಿನ ಗಾಯನ ನಡೆಯಿತು. ಪ್ರತಿ ರಾತ್ರಿಯೂ ಅದೇ ನಾಲ್ಕು ಹಾಡುಗಳು ಎಂದು ಬರ್ನಿ ಹೇಳುತ್ತಾನೆ. ಆದರೆ 1738ರಲ್ಲಿ ಫಾರಿನೆಲ್ಲಿ ತಾನೇ ಬರೆದ ಕಾಗದದಲ್ಲಿ ದಿನವೂ ಎಂಟೊಂಬತ್ತು ಹಾಡಬೇಕು, ಬಿಡುವೆಂಬುದೇ ಇಲ್ಲ ಎಂದು ಹೇಳಿಕೊಂಡಿದ್ದಾನೆ. ಕಥೆಗೆ ನಾಲ್ಕು ಚೆನ್ನ. ಚರಿತ್ರೆಗೆ ಕಾಗದವೇ ಪ್ರಮಾಣ.

ಹಾಗಾದರೆ ಅರಸ ಗುಣಮುಖನಾದನೇ? ಇಲ್ಲ. ಅದೇ 1738ರಲ್ಲಿ ಇಂಗ್ಲೆಂಡಿನ ರಾಯಭಾರಿ ಬೆಂಜಮಿನ್ ಕೀನ್ ವರದಿ ಮಾಡಿದಂತೆ, ಅರಸನು ಗಾಯಕನನ್ನು ಅನುಕರಿಸಿ ಹಾಡಲು ಹೋಗಿ ಅರಚಾಡುತ್ತಿದ್ದನು. ಅದು ಹೊರಗಿನವರ ಕಣ್ಣಿಗೆ ಬೀಳದಂತೆ ಮುಚ್ಚಿಡಬೇಕಾಗುತ್ತಿತ್ತು. ರೋಗ ಹೋಗಲಿಲ್ಲ. ಆದರೆ ಆ ರೋಗದ ನಡುವೆಯೂ ಅರಸ ಎದುರುನೋಡುವಂಥ ಒಂದು ಹೊತ್ತು ದಿನದಲ್ಲಿ ಉಳಿಯಿತು. ಹಾಡಿನ ನಿಜವಾದ ಗೆಲುವು ಇದೇ ಎಂದು ನನ್ನ ಭಾವನೆ.

ಇಂದು ಸಂಗೀತ ಚಿಕಿತ್ಸೆ ಒಂದು ಶಿಕ್ಷಣಕ್ರಮವೇ ಆಗಿದೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಯೋಧರಿಗೆ ಆಸ್ಪತ್ರೆಗಳಲ್ಲಿ ಹಾಡಿದ ಅನುಭವವೂ ಅದಕ್ಕೆ ಬಲ ಕೊಟ್ಟಿತು. 1950ರಲ್ಲಿ ಅಮೆರಿಕದಲ್ಲಿ ಅದಕ್ಕಾಗಿಯೇ ಒಂದು ರಾಷ್ಟ್ರೀಯ ಸಂಘ ಹುಟ್ಟಿತು. ಅದರಲ್ಲಿ ತರಬೇತಾದವರು ಔಷಧಕ್ಕೆ ಬದಲಾಗಿ ಅಲ್ಲ, ಔಷಧದ ಜೊತೆಗೆ ಸಂಗೀತವನ್ನು ಕೊಡುತ್ತಾರೆ.

ನನ್ನ ತಾಯಿ ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದಿದ್ದರು. ಗಂಜಿ ಬೇಡ, ಮಾತು ಬೇಡ, ಗೋಡೆಯತ್ತ ಮುಖ. ಒಂದು ಬೆಳಗ್ಗೆ ರೇಡಿಯೋದಲ್ಲಿ ದಾಸರ ಪದ ಬರುತ್ತಿದ್ದಾಗ ಮೆಲ್ಲನೆ ಈ ಕಡೆ ಹೊರಳಿ, “ತಲೆ ಬಾಚೇ” ಎಂದು ನನ್ನ ಹೆಂಡತಿಗೆ ಹೇಳಿದರು. ಆ ಮೇಲೆ ದಿನವೂ ಆ ಹೊತ್ತಿಗೆ ಬಾಚಣಿಗೆ ಸಿದ್ಧವಾಗಿರುತ್ತಿತ್ತು. ಅವರು ಉಳಿಯಲಿಲ್ಲ, ಮದ್ದನ್ನು ನಾವು ನಿಲ್ಲಿಸಿಯೂ ಇರಲಿಲ್ಲ. ಸ್ಪೇನಿನ ಅರಸನ ಕ್ಷೌರದ ಕಥೆಯನ್ನು ಓದಿದಾಗಲೆಲ್ಲ ನನಗೆ ಆ ಬಾಚಣಿಗೆ ನೆನಪಾಗುತ್ತದೆ.

ನಿಮ್ಮ ಮನೆಯಲ್ಲಿಯೂ ಮಂಕಾಗಿ ಮಲಗಿದವರಿದ್ದರೆ ಮೊದಲು ವೈದ್ಯರನ್ನು ಕರೆಯಿರಿ. ಆ ಮೇಲೆ ಅವರಿಗೆ ಯಾವ ಹಾಡು ಇಷ್ಟವೆಂದು ಕೇಳಿ, ರೇಡಿಯೋವನ್ನು ಅವರ ಹಾಸಿಗೆಯ ಬಳಿಗೆ ಸರಿಸಿರಿ. ದನಿ ಮಾತ್ರ ಸಣ್ಣಗಿರಲಿ.