ಯಾರು ಎಲ್ಲಿಗೆ ಹೋಗುತ್ತಾರೆ? – ಒಂದು ಲೆಕ್ಕದ ಚರಿತ್ರೆ

ರಸ್ತೆ ಬದಿಯಲ್ಲಿ ಕುಳಿತು ಬಸ್ಸು, ಲಾರಿ, ಬೈಕುಗಳಿಗೆ ಗೀಟು ಹಾಕಿ ಲೆಕ್ಕ ಬರೆಯುವವರನ್ನು ನೀವೂ ನೋಡಿರಬಹುದು. ಎಷ್ಟು ವಾಹನ ಹೋಯಿತೆಂಬುದು ಅದರಿಂದ ತಿಳಿಯುತ್ತದೆ. ಒಳಗೆ ಕುಳಿತವರು ಎಲ್ಲಿಂದ ಹೊರಟರು, ಎಲ್ಲಿಗೆ ಹೋಗಬೇಕಿತ್ತು ಎಂಬುದು ತಿಳಿಯುವುದಿಲ್ಲ. ಹೊಸ ರಸ್ತೆ, ಸೇತುವೆ ಎಲ್ಲಿ ಬೇಕೆಂದು ತೀರ್ಮಾನಿಸಲು ಬೇಕಾದದ್ದು ಇದೇ.

ರೈಲಿಗಾದರೆ ಟಿಕೆಟ್ ಇದೆ. ದೂರ ಹೆಚ್ಚಿದಂತೆ ಪ್ರಯಾಣಿಕರು ಒಂದು ನಿಯಮದಂತೆ ಕಡಿಮೆಯಾಗುತ್ತಾರೆ ಎಂದು ಆಸ್ಟ್ರಿಯಾದ ಎಂಜಿನಿಯರ್ ಎಡ್ವರ್ಡ್ ಲಿಲ್ 1891ರಲ್ಲೇ ರೈಲಿನ ಅಂಕಿಗಳಿಂದ ತೋರಿಸಿದ್ದ. ರಸ್ತೆಗೆ ಟಿಕೆಟ್ ಎಲ್ಲಿಂದ ತರುವುದು?

1944ರಲ್ಲಿ ಅಮೆರಿಕದ ತುಲ್ಸಾ, ಮೆಂಫಿಸ್ ಮೊದಲಾದ ನಗರಗಳಲ್ಲಿ ಒಂದು ಸರಳ ಉಪಾಯ ಮಾಡಿದರು. ನಗರವನ್ನು ವಲಯಗಳಾಗಿ ಹಂಚಿ, ಆಯ್ದ ಮನೆಗಳ ಬಾಗಿಲು ತಟ್ಟಿ, ನಿನ್ನೆ ಯಾರು ಎಲ್ಲಿಗೆ ಹೋದಿರಿ ಎಂದು ಕೇಳಿದರು. ಹೊರಟ ವಲಯ ಅಡ್ಡಸಾಲಿನಲ್ಲಿ, ತಲುಪಿದ ವಲಯ ಕಂಬಸಾಲಿನಲ್ಲಿ. ನಮ್ಮ ಮಗ್ಗಿ ಕೋಷ್ಟಕದಂಥದೇ ಒಂದು ಪಟ್ಟಿ ಸಿದ್ಧವಾಯಿತು.

ಅದು ಇಂದಿನ ಲೆಕ್ಕ. ಇಪ್ಪತ್ತು ವರ್ಷದ ಮುಂದಿನದು? 1954ರಲ್ಲಿ ಥಾಮಸ್ ಫ್ರಾಟರ್ ಕ್ಲೀವ್‌ಲ್ಯಾಂಡ್ ನಗರಕ್ಕೆ, ಪ್ರತಿ ವಲಯ ಎಷ್ಟು ಪಟ್ಟು ಬೆಳೆಯುತ್ತದೋ ಅದರಿಂದ ಪಟ್ಟಿಯನ್ನು ಗುಣಿಸಿ ಸರಿಹೊಂದಿಸುವ ದಾರಿ ತೋರಿಸಿದ. ಆದರೆ ಇಂದು ಬರೀ ಹೊಲವಾಗಿರುವ ಕಡೆ ನಾಳೆ ಕಾಲೊನಿ ಬರಬಹುದು. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ಎಂದು ಐದನೇ ತರಗತಿಯ ಮಕ್ಕಳೂ ಹೇಳಿಯಾರು!

ಮರುವರ್ಷ ಅಲನ್ ವೂರೀಸ್ ನ್ಯೂಟನ್ನನ ಗುರುತ್ವಾಕರ್ಷಣೆಯನ್ನು ರಸ್ತೆಗೆ ತಂದ. ಒಂದು ವಲಯದಿಂದ 100 ಜನ ಹೊರಡುತ್ತಾರೆನ್ನಿ. ಸಮನಾದ ಎರಡು ಪೇಟೆಗಳಿವೆ, ಒಂದು ಇನ್ನೊಂದರ ಎರಡು ಪಟ್ಟು ದೂರ. ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗಿದರೆ 80 ಜನ ಹತ್ತಿರದ್ದಕ್ಕೆ, 20 ಜನ ದೂರದ್ದಕ್ಕೆ. ಎಲ್ಲ ಪ್ರಯಾಣಕ್ಕೂ ವರ್ಗವೇ ಅಲ್ಲ. ಕೆಲಸಕ್ಕಾದರೆ ಜನ ದೂರವನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ ಎಂದು ವೂರೀಸನೇ ಗುರುತಿಸಿದ್ದ. 1967ರಲ್ಲಿ ಬ್ರಿಟನ್ನಿನ ಅಲನ್ ವಿಲ್ಸನ್ ಈ ಸೂತ್ರಕ್ಕೆ ಗಟ್ಟಿಯಾದ ಗಣಿತದ ಆಧಾರ ಕೊಟ್ಟ.

ಸೂತ್ರಕ್ಕೆ ಗಡಿ ಗೊತ್ತಿಲ್ಲ. ನದಿ, ಗಡಿಗಳು ಅಡ್ಡ ಬಂದಲ್ಲಿ ಉತ್ತರ ತಪ್ಪಿದಾಗ ಎಂಜಿನಿಯರರು ಪ್ರತ್ಯೇಕ ಗುಣಕ ಹಾಕಿ ಸರಿಪಡಿಸುತ್ತಾರೆ. ಅದು ನನಗೇಕೋ ತೇಪೆಯಂತೆ ಕಾಣುತ್ತದೆ. ಮನೆಮನೆ ಸಮೀಕ್ಷೆಗೂ ಒಂದು ಮಿತಿಯಿದೆ: ಹೋದ ಪ್ರಯಾಣ ಬರೆಯುತ್ತಾರೆ, ಹೋಗಲಾಗದ್ದನ್ನು ಬರೆಯುವುದಿಲ್ಲ.

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ದೊಡ್ಡ ಕಾಯಿಲೆಯೆಂದರೆ ಇಲ್ಲಿಯ ಅನೇಕರು ಹೋಗುವುದು ಅಲ್ಲಿಗೇ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ತಲಪಾಡಿಯ ಗಡಿ ಮುಚ್ಚಿದಾಗ ದೂರ ಹೆಚ್ಚಲಿಲ್ಲ, ರೋಗಿಗಳೂ ಕಡಿಮೆಯಾಗಲಿಲ್ಲ. ಆ ದಿನ ಅಲ್ಲಿ ಯಾರಾದರೂ ಗೀಟು ಹಾಕಿದ್ದರೆ ಪುಟ ಹೆಚ್ಚುಕಡಿಮೆ ಖಾಲಿಯೇ ಇರುತ್ತಿತ್ತು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್‌ನಲ್ಲಿ ಷರತ್ತುಗಳೊಂದಿಗೆ ರೋಗಿಗಳನ್ನು ಬಿಡಲು ಒಪ್ಪಲಾಯಿತು.